ಎಸ್‌ಬಿಎ-15 ಮಾಡಿದೆ, ಎಕ್ಸ್‌ಆರ್‌ಡಿಯಲ್ಲಿ ಏನೂ ಕಾಣ್ತಿಲ್ಲ. ಅಂದಹಾಗೆ ಇದರಿಂದ ನಿಜವಾಗ್ಲೂ ಉಪಯೋಗ ಇದೆಯಾ?

ಬಿಸಿಲೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಕಲಬುರಗಿ ಕಡೆ ಎಂಎಸ್ಸಿ ಕೆಮಿಸ್ಟ್ರಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ವಿಷಯ ಎಸ್‌ಬಿಎ-15, ಅಂದರೆ ಒಂದೇ ಅಳತೆಯ ಸಣ್ಣ ರಂಧ್ರಗಳು ಸಾಲಾಗಿ ಜೋಡಿಸಿದಂತೆ ಇರುವ ಸಿಲಿಕಾ. 1998ರಲ್ಲಿ ಅಮೆರಿಕದ ಸಾಂಟಾ ಬಾರ್ಬರಾ ವಿ.ವಿ.ಯವರು ಬರೆದ ಪೇಪರಿನ ವಿಧಾನವನ್ನೇ ಹಿಡಿದೆ. 4 ಗ್ರಾಂ ಪಿ123 (ರಂಧ್ರಕ್ಕೆ ಅಚ್ಚಾಗುವ ಪಾಲಿಮರ್), 30 ಗ್ರಾಂ ನೀರು, 120 ಗ್ರಾಂ 2 ಮೋಲಾರ್ ಹೈಡ್ರೊಕ್ಲೋರಿಕ್ ಆಸಿಡ್, ಕರಗಿದ ಮೇಲೆ 8.5 ಗ್ರಾಂ ಟಿಯೋಸ್ (ಸಿಲಿಕಾ ಆಗಿ ಬದಲಾಗುವ ದ್ರವ). 35 ಡಿಗ್ರಿಯಲ್ಲಿ 20 ಗಂಟೆ ಕಲಕಿದೆ, ಆಮೇಲೆ ಕಲಕದೆ 80 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟೆ. ಸೋಸಿ, ಒಣಗಿಸಿ, 500 ಡಿಗ್ರಿಯಲ್ಲಿ ಸುಟ್ಟೆ. ಬಿಳಿ ಪುಡಿ ಚೆನ್ನಾಗೇ ಬಂತು.

ಎಕ್ಸ್‌ಆರ್‌ಡಿಗೆ (ಎಕ್ಸ್‌ರೇ ಹಾಯಿಸಿ ಒಳಗಿನ ಜೋಡಣೆ ನೋಡುವ ಪರೀಕ್ಷೆ) ಕಳಿಸಿದರೆ 23 ಡಿಗ್ರಿ ಕೋನದ ಹತ್ತಿರ ಒಂದು ಅಗಲವಾದ ಗುಡ್ಡ, ಅಷ್ಟೇ. ಗೈಡ್ "ಇದು ಮಾಮೂಲಿ ಸಿಲಿಕಾ ಕಣಯ್ಯಾ, ಮತ್ತೆ ಮಾಡು" ಅಂದರು. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿಲ್ಲ.

ಇನ್ನೊಂದು. ವೈವಾದಲ್ಲಿ ಉಪಯೋಗ ಏನು ಅಂತ ಕೇಳೇ ಕೇಳುತ್ತಾರೆ. ಪೇಪರುಗಳಲ್ಲಿ ಔಷಧ, ಕ್ಯಾಟಲಿಸ್ಟ್, ನೀರು ಶುದ್ಧೀಕರಣ ಅಂತ ಎಲ್ಲಾ ಬರೆದಿರುತ್ತಾರೆ. ಅಂಗಡಿಯಲ್ಲಿ ಸಿಗುವ ಒಂದಾದರೂ ವಸ್ತು ಇದೆಯಾ?

ಸಿಲಿಕಾ ಸೀನ:
ಸ್ಕ್ಯಾನ್ ಎಷ್ಟು ಡಿಗ್ರಿಯಿಂದ ಶುರು ಮಾಡಿಸಿದ್ರಿ?

ಬಿಸಿಲೂರು ಹುಡುಗ:
10ರಿಂದ 80 ಸರ್. ಅಲ್ಲಿ ಎಲ್ಲರಿಗೂ ಹಾಗೇ ಮಾಡಿಕೊಡುತ್ತಾರೆ.

ಸಿಲಿಕಾ ಸೀನ:
ಹಾಗಾದ್ರೆ ನಿಮ್ಮ ಪುಡಿಯ ಬಗ್ಗೆ ಇನ್ನೂ ಯಾರಿಗೂ ಏನೂ ಗೊತ್ತಿಲ್ಲ, ನಿಮ್ಮ ಗೈಡಿಗೂ ಗೊತ್ತಿಲ್ಲ. ಎಸ್‌ಬಿಎ-15ರಲ್ಲಿ ಗೋಡೆಯ ಸಿಲಿಕಾ ಗಾಜಿನ ಹಾಗೆ, ಅದರ ಪರಮಾಣುಗಳಿಗೆ ಯಾವ ಕ್ರಮವೂ ಇಲ್ಲ. 23ರ ಗುಡ್ಡ ಅದರದ್ದು, ಇರಲೇಬೇಕು. ಕ್ರಮ ಇರುವುದು ರಂಧ್ರಗಳಿಗೆ. ಒಂದು ರಂಧ್ರದ ಸಾಲಿನಿಂದ ಮುಂದಿನ ಸಾಲಿಗೆ ಹತ್ತಿರ ಹತ್ತಿರ 10 ನ್ಯಾನೊಮೀಟರ್. ದೂರ ಜಾಸ್ತಿ ಆದಷ್ಟೂ ಪೀಕ್ ಎಡಕ್ಕೆ ಸರಿಯುತ್ತದೆ, ಅದು ಬ್ರ್ಯಾಗ್ ನಿಯಮ. ತಾಮ್ರದ ಎಕ್ಸ್‌ರೇಗೆ ಲೆಕ್ಕ ಹಾಕಿದರೆ ಮೊದಲ ಪೀಕ್ 0.9 ಡಿಗ್ರಿ ಹತ್ತಿರ, ಮುಂದಿನ ಎರಡು ಸಣ್ಣವು 1.6 ಮತ್ತು 1.8ರ ಆಸುಪಾಸು. ನೀವು 10ರಿಂದ ಶುರು ಮಾಡಿಸಿದ್ದೀರಿ. ಅಷ್ಟರಲ್ಲಿ ನೋಡಬೇಕಾದ್ದೆಲ್ಲಾ ಮುಗಿದು ಹೋಗಿರುತ್ತದೆ.

0.5ರಿಂದ 5ರವರೆಗೆ, ನಿಧಾನವಾಗಿ, ಸಣ್ಣ ಸ್ಲಿಟ್ ಹಾಕಿ ಸ್ಕ್ಯಾನ್ ಮಾಡಿಸಿ. ಎಲ್ಲಾ ಯಂತ್ರದಲ್ಲೂ ಆಗುವುದಿಲ್ಲ, ಅಷ್ಟು ಕೆಳಗೆ ನೇರ ಕಿರಣವೇ ಡಿಟೆಕ್ಟರಿಗೆ ಹೊಡೆಯುತ್ತದೆ. "ಲೋ ಆಂಗಲ್ ಇದೆಯಾ" ಅಂತ ಮೊದಲೇ ಕೇಳಿ.

ಹಳೇ ಬೀಕರ್:
ಸೀನ ಹೇಳಿದ್ದು ಸರಿ. ಈ ಕಾರಣಕ್ಕೆ ಒಳ್ಳೇ ಸ್ಯಾಂಪಲ್‌ಗಳು ಸಿಂಕಿಗೆ ಹೋದದ್ದನ್ನು ನೋಡಿದ್ದೇನೆ. ಎಸೀಬೇಡಪ್ಪಾ ತಮ್ಮ, ಡಬ್ಬಿಯಲ್ಲಿ ಹಾಕಿ ಲೇಬಲ್ ಅಂಟಿಸಿ ಇಟ್ಟುಕೋ.

ಬನಶಂಕರಿ ಬಾಷ್ಪ:
ಎಕ್ಸ್‌ಆರ್‌ಡಿ ಸಿಗದಿದ್ದರೆ ನೈಟ್ರೋಜನ್ ಅಡ್ಸಾರ್ಪ್ಷನ್ ಮಾಡಿಸಿ, ಪುಡಿ ಎಷ್ಟು ನೈಟ್ರೋಜನ್ ಹಿಡಿಯುತ್ತದೆ ಅಂತ ಅಳೆಯೋದು, ಬಿಇಟಿ ಅಂತಲೂ ಅನ್ನುತ್ತಾರೆ. ನಾಲ್ಕನೇ ಬಗೆಯ ಕರ್ವ್ (ಇಂಥ ರಂಧ್ರಗಳ ಗುರುತು) ಬಂದು, ನೈಟ್ರೋಜನ್ ಒಳಗೆ ಹೋಗುವ (ಅಡ್ಸಾರ್ಪ್ಷನ್), ಹೊರಗೆ ಬರುವ (ಡಿಸಾರ್ಪ್ಷನ್) ಗೆರೆಗಳು ಎರಡೂ ಕಡಿದಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇದ್ದರೆ ಅರ್ಧ ಗೆದ್ದಹಾಗೆ. ಮೇಲ್ಮೈ ಗ್ರಾಂಗೆ 600ರಿಂದ 1000 ಚದರ ಮೀಟರ್ ಬರಬೇಕು. ಕೊಡುವ ಮೊದಲು ಡೀಗ್ಯಾಸ್ (ರಂಧ್ರದೊಳಗಿನ ತೇವ, ಗಾಳಿ ತೆಗೆಯೋದು) ಸರಿಯಾಗಿ ಮಾಡಿಸಿ, ಕಾಟಾಚಾರಕ್ಕೆ ಒಂದು ಗಂಟೆ ಅಲ್ಲ.

ಸಿಲಿಕಾ ಸೀನ:
ಬಿಇಟಿ ಮಾಡಿಸುವವರಿಗೆ ಒಂದು ಎಚ್ಚರಿಕೆ. ರಂಧ್ರದ ಅಳತೆಯನ್ನು ಡಿಸಾರ್ಪ್ಷನ್ ಗೆರೆಯಿಂದ ತೆಗೆದರೆ 3.8 ನ್ಯಾನೊಮೀಟರ್ ಹತ್ತಿರ ಒಂದು ಚೂಪಾದ ಪೀಕ್ ಆಗಾಗ ಬರುತ್ತದೆ. ಅದು ರಂಧ್ರ ಅಲ್ಲ. ಒತ್ತಡದ ಅನುಪಾತ 0.42 ಹತ್ತಿರ ಬಂದಾಗ ಒಳಗಿನ ದ್ರವ ನೈಟ್ರೋಜನ್ ತಡೆಯಲಾರದೆ ಒಟ್ಟಿಗೇ ಆವಿಯಾಗುತ್ತದೆ, ಅದರ ಗುರುತು. ಅದನ್ನೇ "ನಮ್ಮ ಮೆಟೀರಿಯಲ್‌ನಲ್ಲಿ 3.8ರ ಏಕರೂಪ ರಂಧ್ರ" ಅಂತ ಬರೆದು ಛಾಪಿಸಿದವರು ಬೇಕಾದಷ್ಟು ಜನ ಇದ್ದಾರೆ. ಅಡ್ಸಾರ್ಪ್ಷನ್ ಗೆರೆಯಿಂದ ತೆಗೆಯಿರಿ.

ಬನಶಂಕರಿ ಬಾಷ್ಪ:
ಹೌದು, ರೆಫರಿಗಳೂ ಇದನ್ನು ಹಿಡಿಯುವುದಿಲ್ಲ ಅನ್ನೋದು ತಮಾಷೆ.

ಕುದ್ರೋಳಿ ಕೆಮಿಸ್ಟ್:
ಮಾರಾಯ್ರೇ ಟಿಯೋಸ್ ಬಾಟಲಿ ಒಮ್ಮೆ ನೋಡಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಟಲಿ ತೆರೆದಿಟ್ಟರೆ ಗಾಳಿಯ ತೇವಕ್ಕೇ ಕೆಡುತ್ತದೆ. ಮುಚ್ಚಳದ ಸುತ್ತ ಬಿಳಿ ಪೊರೆ ಕಟ್ಟಿದ್ದರೆ ಒಳಗೆ ಸ್ವಲ್ಪ ಆಗಲೇ ಸಿಲಿಕಾ ಆಗಿದೆ ಅಂತ ಅರ್ಥ. ನೀವು ಗ್ರಾಂ ತೂಕ ಸರಿ ಹಾಕಿದರೂ ಲೆಕ್ಕ ತಪ್ಪುತ್ತದೆ.

ಬಿಸಿಲೂರು ಹುಡುಗ:
ನಮ್ಮಲ್ಲಿ ತೇವದ ಚಿಂತೆ ಇಲ್ಲ ಸರ್. ಬೇರೆ ಚಿಂತೆ ಇದೆ. ವಾಟರ್ ಬಾತ್ 35ಕ್ಕೆ ಇಟ್ಟಿದ್ದೆ, ಆದರೆ ಮೇ ತಿಂಗಳಲ್ಲಿ ಲ್ಯಾಬ್ ಒಳಗೇ 40 ಇತ್ತು. ಬಾತ್ ತಣ್ಣಗೆ ಮಾಡುವ ಯಂತ್ರ ಅಲ್ಲವಲ್ಲ. ಅದರಿಂದ ಹಾಳಾಗಿರಬಹುದಾ?

ಕೊಪ್ಪಳದ ಕೊಳವೆ:
ಹಹ್ಹಾ, ಕಲಬುರಗಿಯಲ್ಲಿ ಹೀಟರ್ ಯಾಕೆ ಬೇಕು, ಕಿಟಕಿ ತೆಗೆದರೆ ಸಾಕು.

ಹಳೇ ಬೀಕರ್:
40 ಆದರೆ ಏನೂ ಹಾಳಾಗಲ್ಲ. ಎಷ್ಟೋ ಲ್ಯಾಬ್‌ಗಳಲ್ಲಿ 38, 40ರಲ್ಲೇ ಮಾಡುತ್ತಾರೆ. ಪಿ123 ಅಣುವಿನ ನಡುಭಾಗ ನೀರಿಗೆ ಆಗದ್ದು, ಎರಡು ತುದಿ ನೀರಿಗೆ ಒಗ್ಗುವಂಥದ್ದು. ಬಿಸಿ ಏರಿದ ಹಾಗೆ ನಡುಭಾಗ ನೀರನ್ನು ಇನ್ನಷ್ಟು ದೂರ ಮಾಡುತ್ತದೆ, ಮೈಸೆಲ್‌ನ (ಆ ಅಣುಗಳು ಕೂಡಿ ಕಟ್ಟುವ ಗುಂಪು, ಅದೇ ರಂಧ್ರದ ಅಚ್ಚು) ಒಳಭಾಗ ಸ್ವಲ್ಪ ದಪ್ಪ ಆಗುತ್ತದೆ, ರಂಧ್ರ ಸ್ವಲ್ಪ ದೊಡ್ಡದಾಗುತ್ತದೆ. ಆದರೆ ನಿನ್ನ ನೋಟ್‌ಬುಕ್ಕಿನಲ್ಲಿ 35 ಅಂತ ಬರೆಯಬೇಡ, 40 ಅಂತಲೇ ಬರಿ.

ರಂಧ್ರ ದೊಡ್ಡದು ಬೇಕಾದರೆ ಅದನ್ನು ಮಾಡುವ ಜಾಗ ಮುಂದಿನ ಹಂತ. 80 ಡಿಗ್ರಿ ಬದಲು 100, 120ರಲ್ಲಿ ಇಟ್ಟರೆ ರಂಧ್ರ ಹಿಗ್ಗುತ್ತದೆ, ಗೋಡೆಯೊಳಗಿನ ಅತಿ ಸಣ್ಣ ತೂತುಗಳು ಕಡಿಮೆ ಆಗುತ್ತವೆ. 100ರವರೆಗೆ ಪಾಲಿಪ್ರೊಪಿಲೀನ್ ಬಾಟಲಿ ಸಾಕು, ಅದಕ್ಕಿಂತ ಮೇಲೆ ಟೆಫ್ಲಾನ್ ಒಳಕವಚದ ಆಟೋಕ್ಲೇವ್ ಬೇಕು. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡ.

ಮಲ್ಲೇಶ್ವರದ ಮೈಸೆಲ್:
ಬೆಂಗಳೂರಿನವರ ಗೋಳು ಉಲ್ಟಾ. ಎಂಸಿಎಂ-41ಕ್ಕೆ (ಇಂಥದ್ದೇ ಇನ್ನೊಂದು ಸಾಲು ರಂಧ್ರದ ಸಿಲಿಕಾ) ಅಚ್ಚಾಗುವ ಸಾಬೂನಿನಂಥ ಸಿಟ್ಯಾಬ್ ಕರಗಿಸಿ ರಾತ್ರಿ ಮನೆಗೆ ಹೋಗಿ, ಡಿಸೆಂಬರಿನಲ್ಲಿ ಬೆಳಿಗ್ಗೆ ಬಂದು ನೋಡಿದರೆ ಬೀಕರ್ ತುಂಬ ಬಿಳಿ ಸೂಜಿಗಳು. ಸಿಟ್ಯಾಬಿಗೆ 25 ಡಿಗ್ರಿಯ ಕೆಳಗೆ ನೀರಲ್ಲಿ ಇರೋಕೆ ಇಷ್ಟವಿಲ್ಲ. ಹೊಸ ಹುಡುಗಿಯೊಬ್ಬಳು ಅದನ್ನೇ ಎಂಸಿಎಂ-41 ಅಂದುಕೊಂಡು ಸೋಸಿ ಒಣಗಿಸಿದ್ದಳು.

ಸಿಲಿಕಾ ಸೀನ:
ಸುಡುವಾಗ ಏನೂ ಉಳಿದಿರಲ್ಲ ಪಾಪ.

ಮಲ್ಲೇಶ್ವರದ ಮೈಸೆಲ್:
ಕ್ರೂಸಿಬಲ್ ಫಳಫಳ ಹೊಳೀತಿತ್ತು :)

ಹೊಸಬಳು_22:
ಪಿ123 ತೂಕ ಮಾಡೋದು ಹೇಗೆ ಯಾರಾದ್ರೂ ಹೇಳಿ ಪ್ಲೀಸ್. ಗ್ರೀಸ್ ಥರ ಇದೆ, ಸ್ಪ್ಯಾಚುಲಾಗೆ ಅಂಟಿಕೊಂಡದ್ದು ಬಿಡೋದೇ ಇಲ್ಲ.

ಹಳೇ ಬೀಕರ್:
ಡಬ್ಬಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಕರಗಿ ಸುರಿಯುವ ಹಾಗಾಗುತ್ತದೆ. ರಿಯಾಕ್ಷನ್ ಬಾಟಲಿಯನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ನೇರ ಅದಕ್ಕೇ ಹನಿಸಿ. ಆಮೇಲೆ ನೀರು, ಆಸಿಡ್ ಹಾಕಿ ತಣ್ಣಗೇ ಕಲಕೋಕೆ ಬಿಡಿ. ಬೇಗ ಕರಗಲಿ ಅಂತ ಎಲ್ಲರೂ ಕುದಿಸೋಕೆ ಹೋಗುತ್ತಾರೆ, ಆದರೆ ಇದು ಬಿಸಿನೀರಿಗಿಂತ ತಣ್ಣೀರಲ್ಲೇ ಚೆನ್ನಾಗಿ ಕರಗುತ್ತದೆ. ದ್ರಾವಣ ಪೂರ್ತಿ ತಿಳಿ ಆದಮೇಲೆ ಬಿಸಿ ಏರಿಸಿ, ಆಮೇಲೆ ಟಿಯೋಸ್.

ಸುಟ್ಟ ಮೇಲೆ ಪುಡಿ ತೂಗುವಾಗ ಫ್ಯಾನ್ ಆಫ್ ಮಾಡಿ. ತುಂಬಾ ಹಗುರ, ಒಂದು ಸುತ್ತು ತಿರುಗಿದರೆ ಸಾಕು, ಅರ್ಧ ಪ್ರಾಜೆಕ್ಟ್ ಮೇಜಿನ ಕೆಳಗೆ.

ಡೌಟ್ ದೇವಿ:
ಸಿಂಥೆಸಿಸ್ ಎಲ್ಲಾ ಆಯ್ತು, ಹುಡುಗನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾನೇ ಕೊಡುತ್ತೇನೆ. ಅಂಗಡಿಯಲ್ಲಿ ನಾನಂತೂ ಏನೂ ಕಂಡಿಲ್ಲ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಇದೆಯಲ್ಲ, ಅದೂ ರಂಧ್ರ ಇರುವ ಸಿಲಿಕಾನೇ, ಆದರೆ ಅದಕ್ಕೆ ಯಾವ ಕ್ರಮವೂ ಇಲ್ಲ, ಆದರೂ ಕೆಲಸ ಮಾಡುತ್ತದೆ. ಜೇನುಹುಟ್ಟಿನ ಥರ ಚಂದದ ಫೋಟೋ ಬರಲಿ ಅಂತ ದುಬಾರಿ ಪಾಲಿಮರ್ ಹಾಕಿ, ಅದನ್ನೇ ಸುಟ್ಟು ಬೂದಿ ಮಾಡಿ, ಪೇಪರ್ ಬರೆಯೋದು. 1992ರಿಂದ ಇದೇ ನಡೀತಿದೆ.

ರಿಫೈನರಿ ರಂಗ:
ದೇವಿಯವರೇ, 1992ರಲ್ಲಿ ಇದನ್ನು ಮಾಡಿದವರು ಪೇಪರಿಗೋಸ್ಕರ ಮಾಡಲಿಲ್ಲ. ಅದು ಮೊಬಿಲ್ ತೈಲ ಕಂಪನಿ. ಪೆಟ್ರೋಲ್ ಮಾಡುವ ಕ್ರ್ಯಾಕಿಂಗ್‌ನಲ್ಲಿ (ದೊಡ್ಡ ಅಣು ಒಡೆಯುವ ಕೆಲಸ) ಜಿಯೊಲೈಟ್ ಅನ್ನೋ ರಂಧ್ರವಿರುವ ಹರಳು ಬಳಸುತ್ತಾರೆ, ಅದರ ರಂಧ್ರ 1 ನ್ಯಾನೊಮೀಟರಿಗಿಂತ ಕಡಿಮೆ. ಕಚ್ಚಾ ತೈಲದ ತಳದಲ್ಲಿ ಉಳಿಯುವ ದಪ್ಪ ಅಣುಗಳು ಅದರೊಳಗೆ ತೂರುವುದಿಲ್ಲ. ದೊಡ್ಡ ಬಾಗಿಲು ಬೇಕಿತ್ತು, ಹುಡುಕುತ್ತಾ ಹೋದಾಗ ಎಂಸಿಎಂ-41 ಸಿಕ್ಕಿತು. ರಂಧ್ರದ ಗಾತ್ರವನ್ನು ಸಾಬೂನಿನಂಥ ಅಣುವಿನ ಬಾಲದ ಉದ್ದದಿಂದ ಹೆಚ್ಚು ಕಡಿಮೆ ಮಾಡಬಹುದು ಅನ್ನೋದೇ ಆಗ ದೊಡ್ಡ ಸುದ್ದಿ.

ಡೌಟ್ ದೇವಿ:
ಸರಿ, ಈಗ ಯಾವ ರಿಫೈನರಿಯಲ್ಲಿ ಎಂಸಿಎಂ-41 ಹಾಕಿ ಕ್ರ್ಯಾಕಿಂಗ್ ಮಾಡುತ್ತಾರೆ ಹೇಳಿ ನೋಡೋಣ.

ರಿಫೈನರಿ ರಂಗ:
ಹಾಕುವುದಿಲ್ಲ, ಅದು ನಿಜ. ಗೋಡೆ 1 ನ್ಯಾನೊಮೀಟರ್ ಆಸುಪಾಸು, ಕುದಿಯುವ ನೀರಿಗೇ ಕುಸಿಯುತ್ತದೆ. ಕ್ರ್ಯಾಕಿಂಗ್ ಘಟಕದಲ್ಲಿ ಕ್ಯಾಟಲಿಸ್ಟ್ ಮೇಲೆ ಕೂತ ಮಸಿಯನ್ನು 700 ಡಿಗ್ರಿ ಹತ್ತಿರ ಸುಡುತ್ತಾರೆ, ಜೊತೆಗೆ ಹಬೆ ಬೇರೆ. ಅಲ್ಲಿ ಎಂಸಿಎಂ-41 ಉಳಿಯೋ ಮಾತೇ ಇಲ್ಲ. ಗೋಡೆಗೆ ಹರಳಿನ ರಚನೆ ಇಲ್ಲದ್ದರಿಂದ ಆಸಿಡ್ ಗುಣವೂ ಜಿಯೊಲೈಟಿನಷ್ಟು ಗಟ್ಟಿ ಇಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಹಾವಿಯೆರ್ ಗಾರ್ಸಿಯಾ ಮಾರ್ಟಿನೆಸ್ ಅನ್ನೋರು ಎಂಐಟಿಯಲ್ಲಿ ಇದ್ದಾಗ ಉಲ್ಟಾ ಯೋಚಿಸಿದರು. ಹೊಸ ವಸ್ತು ಬೇಡ, ಇರುವ ಜಿಯೊಲೈಟ್ ವೈ ಹರಳನ್ನೇ ತೆಗೆದುಕೊಂಡು ಕ್ಷಾರದ ದ್ರಾವಣದಲ್ಲಿ ಸಿಟ್ಯಾಬ್ ಜೊತೆ ಇಟ್ಟು, ಹರಳಿನ ಒಳಗೇ 4 ನ್ಯಾನೊಮೀಟರ್ ಹತ್ತಿರದ ದಾರಿಗಳನ್ನು ಕೊರೆಯೋದು. ಹರಳೂ ಉಳೀತು, ಬಾಗಿಲೂ ದೊಡ್ಡದಾಯ್ತು. ರೈವ್ ಟೆಕ್ನಾಲಜಿ ಅಂತ ಕಂಪನಿ ಕಟ್ಟಿದರು, ರಿಫೈನರಿಗಳಲ್ಲಿ ಓಡಿತು, 2019ರಲ್ಲಿ ಗ್ರೇಸ್ ಕಂಪನಿ ಅದನ್ನು ಕೊಂಡುಕೊಂಡಿತು. ಉಪಯೋಗ ಅಂದರೆ ಇದು. ಹುಡುಗ, ವೈವಾದಲ್ಲಿ ಇದನ್ನು ಹೇಳು.

ಡೌಟ್ ದೇವಿ:
ಆ ದಾರಿಗಳು ಸಾಲಾಗಿ ಇರೋದಿಲ್ಲ ರಂಗ ಅವರೇ. ಗಾತ್ರ ಹೆಚ್ಚುಕಮ್ಮಿ ಒಂದೇ, ಜೋಡಣೆಗೆ ಉದ್ದಕ್ಕೂ ಕ್ರಮ ಇಲ್ಲ. ನೀವು ನನ್ನ ಮಾತನ್ನೇ ಸಾಬೀತು ಮಾಡಿದ್ರಿ. ರಂಧ್ರ ಬೇಕು, ಗಾತ್ರ ಹಿಡಿತದಲ್ಲಿ ಇರಬೇಕು. ಸಾಲು ಯಾರಿಗೆ ಬೇಕು?

ರಿಫೈನರಿ ರಂಗ:
ಸಾಲಿನ ಕೆಮಿಸ್ಟ್ರಿ ಕಲಿಯದೆ ಆ ಗಾತ್ರದ ಹಿಡಿತ ಬರ್ತಿರಲಿಲ್ಲ ಮೇಡಂ.

ಡೆಲ್ಫ್ಟ್ ಕನ್ನಡತಿ:
ನಡುವೆ ಬರುತ್ತೇನೆ, ನಾನಿರುವ ಡೆಲ್ಫ್ಟ್ (ನೆದರ್ಲೆಂಡ್ಸ್) ಊರಿನದ್ದೇ ಉದಾಹರಣೆ ಇದೆ. ಟಿಯುಡಿ-1 ಅಂತ ಇಲ್ಲಿ ಮಾಡಿದ ಸಿಲಿಕಾ, ಮೂರೂ ದಿಕ್ಕಿಗೆ ಅಡ್ಡಾದಿಡ್ಡಿ ರಂಧ್ರ, ಸಾಲಿಲ್ಲ. ಸರ್ಫ್ಯಾಕ್ಟಂಟ್ (ಸಾಬೂನಿನಂಥ ಅಣು) ಕೂಡ ಬೇಡ, ಟ್ರೈಇಥನಾಲಮೀನ್ ಥರದ ಅಗ್ಗದ ಅಣು ಸಾಕು. ಎಂಸಿಎಂ-41ರ ರಂಧ್ರ ಒಂದೇ ದಿಕ್ಕಿನ ಓಣಿ, ಒಂದು ಕಡೆ ಕಟ್ಟಿಕೊಂಡರೆ ಹಿಂದಿನದೆಲ್ಲಾ ನಿಂತಿತು. ಇದರಲ್ಲಿ ಸುತ್ತು ಹಾಕಿಕೊಂಡು ಹೋಗಬಹುದು. ಕ್ಯಾಟಲಿಸ್ಟ್ ಕೆಲಸಕ್ಕೆ ದೇವಿ ಅಕ್ಕ ಹೇಳಿದ್ದು ಸರಿ ಅನಿಸುತ್ತದೆ.

ಆದರೆ ಕಾರ್ಬನ್ ವಿಷಯಕ್ಕೆ ಬಂದರೆ ಸಾಲು ಬೇಕೇಬೇಕು. ಕೊರಿಯಾದ ರ್‍ಯೂ ಅವರ ಗುಂಪು ಎಸ್‌ಬಿಎ-15 ಒಳಗೆ ಸಕ್ಕರೆ ದ್ರಾವಣ ತುಂಬಿ, ಅದನ್ನು ಇದ್ದಿಲು ಮಾಡಿ, ಸಿಲಿಕಾವನ್ನು ಕರಗಿಸಿ ತೆಗೆದು ಸಿಎಂಕೆ-3 ಮಾಡಿತು. ಸಿಗೋದು ಸಾಲಾಗಿ ನಿಂತ ಇದ್ದಿಲಿನ ಕಡ್ಡಿಗಳು. ಅವು ಬಿದ್ದುಹೋಗದೆ ನಿಲ್ಲುವುದಕ್ಕೆ ಕಾರಣ ಬೀಕರ್ ಸರ್ ಹೇಳಿದ ಗೋಡೆಯೊಳಗಿನ ಅತಿ ಸಣ್ಣ ತೂತುಗಳು, ಅಲ್ಲಿ ಹೊಕ್ಕ ಇದ್ದಿಲೇ ಕಡ್ಡಿಗಳ ನಡುವೆ ಸೇತುವೆ. ಅದಿಲ್ಲದ ಎಂಸಿಎಂ-41 ಹಾಕಿದರೆ ಸಿಗೋದು ಬಿಡಿ ಕಡ್ಡಿಗಳ ರಾಶಿ. 2009ರಲ್ಲಿ ಕೆನಡಾದ ಲಿಂಡಾ ನಾಜರ್ ಗುಂಪು ಸಿಎಂಕೆ-3ರಲ್ಲಿ ಗಂಧಕ ತುಂಬಿ ಲಿಥಿಯಂ-ಸಲ್ಫರ್ ಬ್ಯಾಟರಿ ಮಾಡಿ ತೋರಿಸಿತು, ಆ ಕ್ಷೇತ್ರ ಮತ್ತೆ ಎದ್ದು ನಿಂತದ್ದೇ ಅಲ್ಲಿಂದ.

ಡೌಟ್ ದೇವಿ:
ಆ ಬ್ಯಾಟರಿ ನನ್ನ ಫೋನಲ್ಲಿ ಇಲ್ಲ ತಾನೇ?

ಡೆಲ್ಫ್ಟ್ ಕನ್ನಡತಿ:
ಇಲ್ಲ ಅಕ್ಕ :)

ಗುಳಿಗೆ ಗುಂಡ:
ಫಾರ್ಮಾದಲ್ಲಿ ಆಗಲೇ ಬಳಸುತ್ತಾರಲ್ಲ. ಮಾತ್ರೆ ಸ್ಟ್ರಿಪ್ ಮೇಲೆ ಕೊಲಾಯ್ಡಲ್ ಸಿಲಿಕಾನ್ ಡೈಆಕ್ಸೈಡ್ ಅಂತ ಇರುತ್ತದೆ ನೋಡಿ.

ಬನಶಂಕರಿ ಬಾಷ್ಪ:
ಅದು ಬೇರೆ ಗುಂಡ. ಪುಡಿ ಮೆಷಿನ್‌ನಲ್ಲಿ ಸರಾಗ ಹರಿಯಲಿ ಅಂತ ಹಾಕುವ ಫ್ಯೂಮ್ಡ್ ಸಿಲಿಕಾ. ಸಾಲು ರಂಧ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಔಷಧದ ಕಥೆ ಶುರುವಾದದ್ದು 2001ರಲ್ಲಿ. ಮ್ಯಾಡ್ರಿಡ್‌ನ ವ್ಯಾಲೆ ರೆಜಿ ಗುಂಪು ಎಂಸಿಎಂ-41 ಒಳಗೆ ಐಬುಪ್ರೊಫೆನ್ ತುಂಬಿ ನಿಧಾನವಾಗಿ ಬಿಡಿಸಿ ತೋರಿಸಿತು. ಆಮೇಲೆ ಎಲ್ಲರೂ ಕ್ಯಾನ್ಸರ್ ಕಣ, ರಂಧ್ರದ ಬಾಯಿಗೆ ಬಾಗಿಲು, ಬೆಳಕು ಬಿದ್ದರೆ ತೆರೆಯುವ ಕೀಲಿ ಅಂತ ಓಡಿದರು. ನನಗೆ ಹೆಚ್ಚು ನಂಬಿಕೆ ಇರೋದು ಇನ್ನೊಂದು ಸಾದಾ ಉಪಯೋಗದ ಮೇಲೆ. ಎಷ್ಟೋ ಔಷಧಗಳು ನೀರಿಗೆ ಕರಗೋದೇ ಇಲ್ಲ, ಯಾಕೆಂದರೆ ಅವುಗಳ ಹರಳು ಗಟ್ಟಿ. 6 ನ್ಯಾನೊಮೀಟರ್ ರಂಧ್ರದೊಳಗೆ ಹರಳು ಕಟ್ಟೋಕೆ ಜಾಗವೇ ಇರುವುದಿಲ್ಲ. ಹಾಗಾಗಿ ಔಷಧ ಹರಳಾಗದೆ ಉಳಿದು ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಕೊಬ್ಬು ಇಳಿಸುವ ಫೆನೊಫೈಬ್ರೇಟ್ ಔಷಧವನ್ನು ಹೀಗೆ ಮಾಡಿ ಮನುಷ್ಯರಿಗೇ ಕೊಟ್ಟು ನೋಡಿದ್ದಾರೆ, 2016ರಲ್ಲಿ ಪ್ರಕಟವಾಯಿತು. ದೇಹಕ್ಕೆ ಸೇರಿದ ಪ್ರಮಾಣ ಮಾಮೂಲಿ ಮಾತ್ರೆಗಿಂತ ಜಾಸ್ತಿ.

ಪಾವಗಡದ ಪುಟ್ಟಣ್ಣ:
ನಾನು ಕೆಮಿಸ್ಟ್ರಿ ಓದಿದವನಲ್ಲ, ಸುಮ್ನೆ ಓದ್ತಾ ಇದ್ದೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಮಕ್ಕಳ ಹಲ್ಲೆಲ್ಲಾ ಕಂದು. ಈ ಪುಡಿಯಿಂದ ಅದನ್ನು ತೆಗೆಯೋಕೆ ಆಗುತ್ತದಾ?

ಹಳೇ ಬೀಕರ್:
ಪುಟ್ಟಣ್ಣ, ಬರೀ ಸಿಲಿಕಾ ಫ್ಲೋರೈಡನ್ನು ಹಿಡಿಯುವುದಿಲ್ಲ. ಅದಕ್ಕೆ ಅಲ್ಯೂಮಿನಾ, ಜಿರ್ಕೋನಿಯಂ ಥರದ್ದು ಬೇಕು. ರಂಧ್ರ ಸಾಲಾಗಿರುವ ಅಲ್ಯೂಮಿನಾ ಲ್ಯಾಬಿನಲ್ಲಿ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಮಾಮೂಲಿ ಆಕ್ಟಿವೇಟೆಡ್ ಅಲ್ಯೂಮಿನಾ ಅದಕ್ಕಿಂತ ಎಷ್ಟೋ ಅಗ್ಗ, ಈಗಾಗಲೇ ಬಳಕೆಯಲ್ಲೂ ಇದೆ. ಆರ್‌ಒ ಘಟಕ ಇದ್ದರೆ ಅದೂ ತೆಗೆಯುತ್ತದೆ. ಕುಡಿಯೋ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5. ಮೊದಲು ನೀರು ಟೆಸ್ಟ್ ಮಾಡಿಸಿ.

ಈ ಸಾಲು ಸಿಲಿಕಾ ನೀರಲ್ಲಿ ಗೆದ್ದದ್ದು ಪಾದರಸದ ವಿಷಯದಲ್ಲಿ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ಲ್ಯಾಬಿನವರು 1997ರಲ್ಲಿ ರಂಧ್ರದ ಒಳಗೋಡೆಗೆಲ್ಲಾ ಗಂಧಕ ಇರುವ ಅಣುಗಳನ್ನು ನೆಟ್ಟರು. ಪಾದರಸ ಕಂಡರೆ ಅದು ಬಿಡುವುದೇ ಇಲ್ಲ.

ಪಾವಗಡದ ಪುಟ್ಟಣ್ಣ:
ಆಯ್ತು ಸರ್, ತುಂಬಾ ಉಪಕಾರ. ಆರ್‌ಒ ಘಟಕ ಇದೆ, ಕೆಟ್ಟು ಕೂತಿದೆ. ಅದನ್ನು ರಿಪೇರಿ ಮಾಡಿಸೋದೇ ಒಳ್ಳೇದು ಅನ್ನಿ.

ಕೊಪ್ಪಳದ ಕೊಳವೆ:
ಇಡೀ ಚರ್ಚೆಯಲ್ಲಿ ಇದೊಂದೇ ಪ್ರಾಕ್ಟಿಕಲ್ ಮಾತು.

ಇತಿಹಾಸ ಪ್ರಿಯ:
ಮೇಲೆ 1992, ಮೊಬಿಲ್ ಅಂತ ಎಲ್ಲರೂ ಬರೆದಿದ್ದೀರಿ. ಜಪಾನಿನ ವಾಸೆದಾದಲ್ಲಿ ಕುರೋದಾ ಗುಂಪು 1990ರಲ್ಲೇ ಕನೆಮೈಟ್ ಅನ್ನೋ ಪದರ ಪದರವಾದ ಸಿಲಿಕೇಟ್‌ನಿಂದ ಇಂಥದ್ದನ್ನು ಮಾಡಿತ್ತು. ಅದಕ್ಕೂ ಹಿಂದೆ 1971ರ ಒಂದು ಅಮೆರಿಕನ್ ಪೇಟೆಂಟ್ ಇದೆ, ಹಗುರ ಸಿಲಿಕಾ ಮಾಡುವುದು ಹೇಗೆ ಅಂತ. 1997ರಲ್ಲಿ ಫ್ರಾನ್ಸಿನವರು ಅದೇ ವಿಧಾನದಲ್ಲಿ ಮಾಡಿ ನೋಡಿದರೆ ಬಂದದ್ದು ಎಂಸಿಎಂ-41! ಪೇಟೆಂಟ್ ಮಾಡಿದವರಿಗೆ ತಮ್ಮ ಕೈಯಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ.

ರಿಫೈನರಿ ರಂಗ:
ಮಾಡೋದು ಬೇರೆ, ಏನು ಮಾಡಿದ್ದೇವೆ ಅಂತ ತಿಳಿಯೋದು ಬೇರೆ. ಮೊಬಿಲಿನವರು ಎರಡನ್ನೂ ಮಾಡಿದರು.

ಬಿಸಿಲೂರು ಹುಡುಗ:
ಅಪ್‌ಡೇಟ್. ಬೆಂಗಳೂರಿನಲ್ಲಿ ಒಬ್ಬ ಸೀನಿಯರ್ ಅಕ್ಕ ಲೋ ಆಂಗಲ್ ಮಾಡಿಸಿಕೊಟ್ಟರು. 0.92ರಲ್ಲಿ ಎತ್ತರದ ಪೀಕ್, 1.6 ಹತ್ತಿರ ಒಂದು, 1.84 ಹತ್ತಿರ ಇನ್ನೊಂದು! ಬಿಇಟಿಯಲ್ಲಿ ರಂಧ್ರ 6.5 ನ್ಯಾನೊಮೀಟರ್ ಬಂತು, ಅಡ್ಸಾರ್ಪ್ಷನ್ ಗೆರೆಯಿಂದಲೇ ತೆಗೆದದ್ದು.

ಸಿಲಿಕಾ ಸೀನ:
ಬಂತು ನೋಡಿ! ಈಗ ಗೋಡೆ ಎಷ್ಟು ದಪ್ಪ ಅಂತ ಲೆಕ್ಕ ಹಾಕಿ, ವೈವಾದಲ್ಲಿ ಕೇಳುತ್ತಾರೆ. 0.92 ಅಂದರೆ ಸಾಲುಗಳ ನಡುವಿನ ಅಂತರ 9.6 ನ್ಯಾನೊಮೀಟರ್. ಷಟ್ಕೋನದ ಜೋಡಣೆ ಆದ್ದರಿಂದ ಅದನ್ನು 2ರಿಂದ ಗುಣಿಸಿ 3ರ ವರ್ಗಮೂಲದಿಂದ ಭಾಗಿಸಿ, 11.1 ಬರುತ್ತದೆ. ಒಂದು ರಂಧ್ರದ ನಡುವಿನಿಂದ ಪಕ್ಕದ ರಂಧ್ರದ ನಡುವಿಗೆ ಅಷ್ಟು. ಅದರಲ್ಲಿ 6.5 ಕಳೆದರೆ ಗೋಡೆ 4.6. ಎಂಸಿಎಂ-41ರ ಗೋಡೆಗಿಂತ ಎಷ್ಟು ದಪ್ಪ ನೋಡಿ. ಎಸ್‌ಬಿಎ-15 ಬಿಸಿನೀರು ತಡೆಯುವುದು ಅದಕ್ಕೇ.

ಗಂಗಾವತಿ ಗಿರಣಿ:
ನಮ್ಮದು ರೈಸ್ ಮಿಲ್. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಇದೆ, ಅದರಿಂದ ಇಂಥದ್ದೆಲ್ಲಾ ಮಾಡಬಹುದು ಅಂತ ಒಬ್ಬರು ಬಂದು ಹೇಳಿ ಹೋದರು. ಬಾಯ್ಲರ್ ಹಿಂದೆ ಬೂದಿ ಗುಡ್ಡವೇ ಇದೆ. ನಿಜಾನಾ?

ಹಳೇ ಬೀಕರ್:
ನಿಜ. 100 ಕೆಜಿ ಭತ್ತಕ್ಕೆ ಸುಮಾರು 20 ಕೆಜಿ ಹೊಟ್ಟು, ಅದನ್ನು ಸುಟ್ಟರೆ ಸುಮಾರು 4 ಕೆಜಿ ಬೂದಿ, ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ. ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸೋಡಿಯಂ ಸಿಲಿಕೇಟ್ ಆಗುತ್ತದೆ. ದುಬಾರಿ ಟಿಯೋಸ್ ಬದಲು ಅದನ್ನೇ ಹಾಕಿ ಎಂಸಿಎಂ-41, ಎಸ್‌ಬಿಎ-15 ಎರಡೂ ಮಾಡಬಹುದು, ಮಾಡಿದ್ದಾರೆ.

ಆದರೆ ಬಾಯ್ಲರ್ ಬೂದಿ ನೇರ ಆಗೋದು ಕಷ್ಟ. ಕಪ್ಪಗಿದ್ದರೆ ಇದ್ದಿಲು ಉಳಿದಿದೆ. ತುಂಬಾ ಬಿಸಿಯಲ್ಲಿ ಸುಟ್ಟಿದ್ದರೆ ಸಿಲಿಕಾ ಕ್ರಿಸ್ಟೊಬಲೈಟ್ ಅನ್ನೋ ಹರಳಾಗಿರುತ್ತದೆ, ಅದು ಕಾಸ್ಟಿಕ್‌ನಲ್ಲಿ ಸುಲಭಕ್ಕೆ ಕರಗಲ್ಲ, ಅದರ ದೂಳು ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೂ ಕೆಟ್ಟದ್ದು. ಕೆಲಸದವರಿಗೆ ಮಾಸ್ಕ್ ಕೊಡಿ, ಇದು ಮಾತ್ರ ಇವತ್ತೇ. ಲ್ಯಾಬಿನವರು ಹೊಟ್ಟನ್ನು ಮೊದಲು ಆಸಿಡ್‌ನಲ್ಲಿ ತೊಳೆದು, 700 ಡಿಗ್ರಿ ಮೀರದ ಹಾಗೆ ಸುಡುತ್ತಾರೆ.

ಗಂಗಾವತಿ ಗಿರಣಿ:
ಹಾಗಾದ್ರೆ ಲಾಭ?

ಡೌಟ್ ದೇವಿ:
ಸಿಲಿಕಾ ಅಗ್ಗ ಮಾಡಿದರೂ ಪಿ123 ಅಗ್ಗ ಆಗಲ್ಲ ಸ್ವಾಮಿ, ಅದನ್ನು ಸುಟ್ಟೇ ಹಾಕುತ್ತಾರೆ. ಬೂದಿಯನ್ನು ಸಿಮೆಂಟಿನವರಿಗೆ ಮಾರಿ.

ಮಲ್ಲೇಶ್ವರದ ಮೈಸೆಲ್:
ಪೂರ್ತಿ ಸುಡಲೇಬೇಕು ಅಂತೇನಿಲ್ಲ. ಎಥನಾಲ್‌ನಲ್ಲಿ ಸಾಕ್ಸ್‌ಲೆಟ್ (ಬಿಸಿ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸಿ ತೊಳೆಯುವ ಉಪಕರಣ) ಹಾಕಿದರೆ ಬಹುಪಾಲು ಪಿ123 ಹೊರಗೆ ಬರುತ್ತದೆ. ಎಥನಾಲ್ ಆವಿ ಮಾಡಿ ಆರಿಸಿದರೆ ಪಾಲಿಮರ್ ವಾಪಸ್, ಮತ್ತೆ ಬಳಸಬಹುದು. ಉಳಿದ ಚೂರುಪಾರು ಮಾತ್ರ ಸುಡೋದು.

ಡೌಟ್ ದೇವಿ:
ಆ ಎಥನಾಲ್ ಆರಿಸೋ ಕರೆಂಟ್ ಬಿಲ್?

ಗಂಗಾವತಿ ಗಿರಣಿ:
ಹಬೆ ನಮ್ಮ ಬಾಯ್ಲರ್‌ದೇ ಇದೆಯಲ್ಲ ಮೇಡಂ, ಹೊಟ್ಟೂ ನಮ್ಮದೇ.

ಡೌಟ್ ದೇವಿ:
ಹಾಗಾದ್ರೆ ಮಾತಾಡಬಹುದು. ಬೂದಿ ಒಂದು ಕೆಜಿ ಕಳಿಸಿ, ಮೊದಲು ಎಕ್ಸ್‌ಆರ್‌ಡಿ ಮಾಡಿಸಿ ನೋಡೋಣ. ಇದಕ್ಕೆ 10ರಿಂದ 80 ಸಾಕು, 22ರ ಹತ್ತಿರ ಚೂಪು ಪೀಕ್ ಬಂದರೆ ಕ್ರಿಸ್ಟೊಬಲೈಟ್, ಆಗ ವಾಪಸ್ ಕಳಿಸುತ್ತೇನೆ. ಲಾರಿ ಬಾಡಿಗೆ ನಿಮ್ಮದು.